ಬಗ್ ಬಿಡಿಸಲು ಯಾರ ಬಾಗಿಲು ತಟ್ಟುವುದು? ಪ್ರೋಗ್ರಾಮರ್ ಸಮುದಾಯಗಳ ಒಂದು ಹೋಲಿಕೆ

"ಎರಡು ದಿನದಿಂದ ಒಂದೇ ಎರರ್ ಜೊತೆ ಗುದ್ದಾಡುತ್ತಿದ್ದೇನೆ. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಕೇಳಿದರೆ ಪ್ರಶ್ನೆಯನ್ನೇ ಮುಚ್ಚಿಬಿಡುತ್ತಾರೆ ಅನ್ನೋ ಹೆದರಿಕೆ. ಡಿಸ್ಕಾರ್ಡ್‌ನಲ್ಲಿ ಹಾಕಿದರೆ ಐದು ನಿಮಿಷದಲ್ಲಿ ಮೇಲೆ ಸರಿದುಹೋಗುತ್ತೆ. ಗಿಟ್‌ಹಬ್‌ನಲ್ಲಿ ಇಶ್ಯೂ ತೆರೆಯುವಷ್ಟು ಧೈರ್ಯ ಇಲ್ಲ. ಎಲ್ಲಿ ಕೇಳಲಿ?" ಬಗ್ ಅಂದರೆ ಪ್ರೋಗ್ರಾಂನೊಳಗಿನ ತಪ್ಪು. ಇಲ್ಲಿ ಬಂದ ಹೆಸರುಗಳಲ್ಲಿ ಮೊದಲನೆಯದು ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ, ಎರಡನೆಯದು ಚಾಟ್ ಕೋಣೆಗಳ ತಾಣ, ಮೂರನೆಯದು ಕೋಡ್ ಇಡುವ ತಾಣ; ಇಶ್ಯೂ ಅಂದರೆ ಅಲ್ಲಿ ಬರೆಯುವ ದೋಷದ ದೂರು. ಈ ಧಾಟಿಯ ಪ್ರಶ್ನೆ ಹೊಸದಾಗಿ ಕೋಡ್ ಕಲಿಯುವವರಿಂದ ಮಾತ್ರ ಬರುವುದಲ್ಲ. ಹತ್ತು ವರ್ಷ ಇದೇ ಕೆಲಸ ಮಾಡಿದವರೂ ಹೊಸ ಲೈಬ್ರರಿಯೊಂದಕ್ಕೆ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗೆ, ಕೈಹಾಕಿದ ದಿನ ಇದನ್ನೇ ಕೇಳುತ್ತಾರೆ.

ನಾನು ತಿರುಗಿ ಕೇಳುವುದು ಒಂದನ್ನೇ: ನಿಮಗೆ ಬೇಕಾದ ಮಾಹಿತಿ ಯಾರ ತಲೆಯಲ್ಲಿದೆ? ಯಾವ ಜಾಗಕ್ಕೆ ಎಷ್ಟು ಹೆಸರಿದೆ, ಎಷ್ಟು ಲಕ್ಷ ಸದಸ್ಯರಿದ್ದಾರೆ ಎಂದು ನೋಡಿ ಹೋದವರು ಸಾಮಾನ್ಯವಾಗಿ ತಪ್ಪು ಬಾಗಿಲನ್ನೇ ತಟ್ಟಿರುತ್ತಾರೆ. ಬಗ್ ಯಾವ ಜಾತಿಯದು ಎಂದು ಗೊತ್ತಾದರೆ ಬಾಗಿಲು ತಾನಾಗಿಯೇ ಕಾಣುತ್ತದೆ.

ಅಳತೆಗೋಲು ಮೊದಲು

ತಪ್ಪು ನಾಲ್ಕು ಕಡೆ ಇರಬಹುದು. ನೀವು ಬರೆದ ಸಾಲುಗಳಲ್ಲಿ, ನೀವು ಬಳಸಿದ ಲೈಬ್ರರಿಯಲ್ಲಿ, ಪ್ರೋಗ್ರಾಂ ಓಡುವ ಪರಿಸರದಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಂ, ನೆಟ್‌ವರ್ಕ್, ಸೆಟ್ಟಿಂಗ್‌ಗಳಲ್ಲಿ. ಇಲ್ಲವೇ ನಿಮ್ಮ ತಿಳಿವಳಿಕೆಯಲ್ಲಿ. ಕೊನೆಯದು ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು. 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ ಎಂದು ಯಾರಾದರೂ ಬಗ್ ವರದಿ ಮಾಡಿದರೆ ಅದನ್ನು ಸರಿಪಡಿಸುವವರು ಯಾರೂ ಇಲ್ಲ. ಐಇಇಇ 754 ಎಂಬ ಮಾನದಂಡದ ಪ್ರಕಾರ 64 ಬಿಟ್‌ಗಳಲ್ಲಿ, ಎರಡರ ಘಾತಗಳಾಗಿ ಸಂಖ್ಯೆ ಇಡುವ ಎಲ್ಲ ಯಂತ್ರಗಳೂ ಹಾಗೇ ಹೇಳುತ್ತವೆ. ಇಲ್ಲಿ ಬೇಕಾದದ್ದು ದುರಸ್ತಿಯಲ್ಲ, ವಿವರಣೆ. ಒಂದೊಂದು ಜಾತಿಯ ತಪ್ಪಿಗೂ ಒಂದೊಂದು ಬಗೆಯ ಜನ ಬೇಕು. ಇದು ಮೊದಲ ಅಳತೆ.

ಎರಡನೆಯದು, ಸಮಸ್ಯೆಯನ್ನು ಒಂದೇ ಸಲಕ್ಕೆ ಹೇಳಿ ಮುಗಿಸಬಹುದೇ, ಅಥವಾ "ಅದನ್ನು ಪ್ರಿಂಟ್ ಮಾಡಿ ನೋಡಿ", "ಈಗ ಏನು ಬಂತು" ಎಂಬ ಮಾತುಕತೆ ಬೇಕೇ ಎಂಬುದು. ಮೂರನೆಯದು, ಹೊರಗಿನವರಿಗೆ ನೀವು ಎಷ್ಟು ತೋರಿಸಬಹುದು. ಕಂಪನಿಯ ಕೋಡ್ ಆದರೆ ನಿಮ್ಮ ಒಪ್ಪಂದವೇ ಅರ್ಧ ಬಾಗಿಲುಗಳನ್ನು ಮುಚ್ಚಿರುತ್ತದೆ. ನಾಲ್ಕನೆಯದು ಸಮಯ: ಸರ್ವರ್ ಬಿದ್ದಿದೆಯೇ, ವಾರದ ಕೊನೆಗೆ ಕೊಡಬೇಕೇ, ಅಥವಾ ಕಾರಣ ತಿಳಿಯಬೇಕೆಂಬ ಹಟವೇ. ಐದನೆಯದನ್ನು ಯಾರೂ ಯೋಚಿಸುವುದಿಲ್ಲ. ಸಿಕ್ಕ ಉತ್ತರ ಆರು ತಿಂಗಳ ನಂತರವೂ ಹುಡುಕಿದರೆ ಸಿಗಬೇಕೇ? ನಿಮಗಲ್ಲದಿದ್ದರೆ ಇನ್ನೊಬ್ಬರಿಗೆ?

ಖರ್ಚಿನ ಲೆಕ್ಕ ಇಲ್ಲಿ ದುಡ್ಡಿನದಲ್ಲ, ಬಹುಪಾಲು ಸಮುದಾಯಗಳು ಪುಕ್ಕಟೆ. ಆದರೆ ಪ್ರಶ್ನೆ ಸಿದ್ಧಪಡಿಸುವ ಗಂಟೆಗಳು, ಕಾಯುವ ದಿನಗಳು, ಒಮ್ಮೊಮ್ಮೆ ಎಲ್ಲರೆದುರು ಪೆಚ್ಚಾಗುವುದು, ಇವೂ ಖರ್ಚೇ.

ಎಲ್ಲಿಗೇ ಹೋಗಿ, ಇದು ಜೊತೆಗಿರಲಿ

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುವ ಗಾದೆ ಡಿಬಗ್ ಮಾಡುವವರಿಗೆ ಹೊಲಿಸಿಟ್ಟ ಅಂಗಿ. ಎಷ್ಟೋ ಸಲ ಎರರ್ ಸಂದೇಶದ ಎರಡನೇ ಸಾಲಿನಲ್ಲೇ ಫೈಲಿನ ಹೆಸರು, ಸಾಲಿನ ಸಂಖ್ಯೆ ಇರುತ್ತದೆ. ನಾವು ಮೊದಲ ಸಾಲನ್ನು ನಕಲು ಮಾಡಿ ಹುಡುಕಾಟಕ್ಕೆ ಹೊರಟಿರುತ್ತೇವೆ. ಸಂದೇಶವನ್ನು ಪೂರ್ತಿ ಓದಿ. ಆಮೇಲೆ ತಪ್ಪನ್ನು ಮತ್ತೆ ಹುಟ್ಟಿಸಬಲ್ಲ ಅತಿ ಚಿಕ್ಕ ಕೋಡ್ ತಯಾರಿಸಿ. ಐನೂರು ಸಾಲಿನ ಫೈಲಿನಿಂದ ಸಂಬಂಧವಿಲ್ಲದ್ದನ್ನು ಕಿತ್ತು ಕಿತ್ತು ಇಪ್ಪತ್ತು ಸಾಲಿಗೆ ಇಳಿಸುವುದು. ಪ್ರತಿ ಸಲ ಕಿತ್ತ ಮೇಲೂ ಓಡಿಸಿ ನೋಡಬೇಕು. ಎಲ್ಲೋ ಒಂದು ಕಡೆ, ಒಂದು ತುಂಡು ತೆಗೆದೊಡನೆ ತಪ್ಪು ಮಾಯವಾಗುತ್ತದೆ. ಕಳ್ಳ ಅಲ್ಲೇ ಇದ್ದಾನೆ. ನಾನು ಹೀಗೆ ಸಿದ್ಧಮಾಡಿದ ಪ್ರಶ್ನೆಗಳಲ್ಲಿ ಬಹುಪಾಲನ್ನು ಕಳಿಸುವ ಅಗತ್ಯವೇ ಬೀಳಲಿಲ್ಲ.

ಜೊತೆಗೆ ಭಾಷೆಯ ಆವೃತ್ತಿ, ಲೈಬ್ರರಿಯ ಆವೃತ್ತಿ, ಆಪರೇಟಿಂಗ್ ಸಿಸ್ಟಂ. ನೀವು ಏನಾಗಬೇಕೆಂದು ಬಯಸಿದಿರಿ, ಏನಾಯಿತು. ಈಗಾಗಲೇ ಏನೇನು ಮಾಡಿ ನೋಡಿದ್ದೀರಿ. ಎಲ್ಲವೂ ಪಠ್ಯವಾಗಿರಲಿ, ಚಿತ್ರವಾಗಿ ಬೇಡ. ಸ್ಕ್ರೀನ್‌ಶಾಟ್‌ನಿಂದ ಯಾರೂ ಕೋಡ್ ನಕಲು ಮಾಡಿ ಓಡಿಸಲಾರರು, ಹುಡುಕಾಟಕ್ಕೂ ಅದು ಸಿಗದು. ಚಿತ್ರ ಯಾಕೆ ಕೆಟ್ಟದ್ದು ಎನ್ನುವುದಕ್ಕೆ ನನ್ನದೇ ಒಂದು ಕಥೆ ಚಾಟ್‌ನ ಮಾತು ಬಂದಾಗ ಹೇಳುತ್ತೇನೆ.

ಇನ್ನೊಂದು ಎಚ್ಚರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಪ್ರೋಗ್ರಾಮರ್‌ಗಳು ಎಕ್ಸ್‌ವೈ ಸಮಸ್ಯೆ ಎನ್ನುತ್ತಾರೆ. ಫೈಲಿನ ಹೆಸರಿನ ಕೊನೆಯ ಮೂರು ಅಕ್ಷರ ತೆಗೆಯುವುದು ಹೇಗೆ ಎಂದು ಕೇಳುತ್ತೀರಿ. ನಿಜಕ್ಕೂ ಬೇಕಾಗಿದ್ದು ಚುಕ್ಕಿಯ ನಂತರ ಬರುವ, ಫೈಲಿನ ಎಕ್ಸ್‌ಟೆನ್ಶನ್. ಅದು ಮೂರೇ ಅಕ್ಷರ ಇರಬೇಕೆಂದಿಲ್ಲ. ಮೂಲ ಉದ್ದೇಶವನ್ನು ಒಂದು ಸಾಲಿನಲ್ಲಿ ಹೇಳಿದರೆ ಉತ್ತರಿಸುವವರು ನಿಮ್ಮನ್ನು ಈ ಹಳ್ಳದಿಂದ ಎತ್ತಬಲ್ಲರು.

ಸ್ಟ್ಯಾಕ್ ಓವರ್‌ಫ್ಲೋ: ಗ್ರಂಥಾಲಯ, ಹರಟೆಕಟ್ಟೆ ಅಲ್ಲ

2008ರಲ್ಲಿ ಜೆಫ್ ಅಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ ಇದನ್ನು ಶುರು ಮಾಡಿದಾಗಿನಿಂದ ಇದರ ಉದ್ದೇಶ ಒಂದೇ. ಒಂದು ಪ್ರಶ್ನೆ, ಅದಕ್ಕೆ ಮತದಿಂದ ಮೇಲೆದ್ದು ಬಂದ ಉತ್ತರ, ಮುಂದೆ ಅದೇ ತೊಂದರೆಗೆ ಸಿಕ್ಕವರಿಗೆ ನೇರ ದಾರಿ. ಇದು ಗೊತ್ತಿಲ್ಲದೆ ಹೋದವರಿಗೇ ಅವಮಾನ ಆಗುವುದು. "ಈ ಪ್ರಶ್ನೆ ಹಿಂದೆಯೇ ಬಂದಿದೆ" ಎಂದು ಮುಚ್ಚಿದರೆ ಅದನ್ನು ಬೈಗುಳ ಎಂದುಕೊಳ್ಳುತ್ತೇವೆ. ಆದರೆ ಅದರ ಜೊತೆಗೇ ಹಳೆಯ ಉತ್ತರದ ಕೊಂಡಿ ಕೊಟ್ಟಿರುತ್ತಾರೆ; ಹತ್ತರಲ್ಲಿ ಆರು ಸಲ ಅದೇ ಉತ್ತರ. ಉಳಿದ ನಾಲ್ಕರಲ್ಲಿ, ನಿಜ, ಅವಸರದಲ್ಲಿ ಮುಚ್ಚಿರುತ್ತಾರೆ. ಆಗ ನಿಮ್ಮ ಪ್ರಶ್ನೆ ಹೇಗೆ ಬೇರೆ ಎಂದು ತಿದ್ದಿ ಬರೆದರೆ ಮತ್ತೆ ತೆರೆಯುವ ವ್ಯವಸ್ಥೆ ಇದೆ. ನಾನು ಕಂಡಂತೆ ಹೆಚ್ಚಿನವರು ತಿದ್ದುವುದಿಲ್ಲ, ಮುನಿಸಿಕೊಂಡು ಹೋಗುತ್ತಾರೆ.

ಇದರ ಶಕ್ತಿ ಎಷ್ಟೆಂದು ತಿಳಿಯಲು 2012ರ ಒಂದು ಪ್ರಶ್ನೆ ಸಾಕು. ವಿಂಗಡಿಸಿದ ಅರೇಯ (ಕ್ರಮವಾಗಿ ಜೋಡಿಸಿದ ಸಂಖ್ಯೆಗಳ ಸಾಲು) ಮೇಲೆ ಲೂಪ್ ಓಡಿಸಿದರೆ, ಅಂದರೆ ಒಂದೊಂದನ್ನೇ ನೋಡುತ್ತಾ ಹೋದರೆ, ವಿಂಗಡಿಸದ ಅದೇ ಅರೇಗಿಂತ ಬಹಳ ಬೇಗ ಮುಗಿಯುತ್ತದೆ, ಯಾಕೆ ಎಂದು ಒಬ್ಬರು ಚಿಕ್ಕ ಕೋಡ್ ಸಮೇತ ಕೇಳಿದರು. ಕಾರಣ ಕೋಡ್‌ನಲ್ಲಿರಲಿಲ್ಲ, ಪ್ರೊಸೆಸರ್‌ನ ಬ್ರಾಂಚ್ ಪ್ರಿಡಿಕ್ಟರ್‌ನಲ್ಲಿತ್ತು. ಮುಂದೆ ಯಾವ ಕವಲು ಹಿಡಿಯಬೇಕೆಂದು ಪ್ರೊಸೆಸರ್ ಮೊದಲೇ ಊಹಿಸುತ್ತದೆ. ವಿಂಗಡಿಸಿದ ದತ್ತಾಂಶದಲ್ಲಿ ಊಹೆ ಸರಿಹೋಗುತ್ತದೆ, ಇಲ್ಲದಿದ್ದರೆ ಮತ್ತೆ ಮತ್ತೆ ತಪ್ಪಿ ಹಿಂದಕ್ಕೆ ಬರಬೇಕು. ಆ ಪ್ರಶ್ನೋತ್ತರ ಇಡೀ ತಾಣದಲ್ಲೇ ಅತಿ ಹೆಚ್ಚು ಮತ ಪಡೆದವುಗಳಲ್ಲಿ ಒಂದು. ಇಂಥ ಉತ್ತರ ಚಾಟ್‌ನಲ್ಲಿ ಬಂದಿದ್ದರೆ ಮರುದಿನವೇ ಮಣ್ಣುಪಾಲು.

ಇಲ್ಲಿನ ನಾಣ್ಯ ಅಂಕ. 15 ಅಂಕ ಬಂದರೆ ಮೇಲ್ಮತ ಹಾಕಬಹುದು, 50 ಬಂದರೆ ಬೇರೆಯವರ ಬರಹದ ಕೆಳಗೆ ಟಿಪ್ಪಣಿ ಬರೆಯಬಹುದು. ಎರಡು ದಿನವಾದರೂ ಉತ್ತರ ಬರದಿದ್ದರೆ ನಿಮ್ಮ ಅಂಕಗಳಲ್ಲಿ 50ರಿಂದ 500ರವರೆಗೆ ಬಹುಮಾನ ಇಟ್ಟು ಏಳು ದಿನ ಪ್ರಶ್ನೆಯನ್ನು ಮುಂಚೂಣಿಗೆ ತರಬಹುದು. ಉತ್ತರ ಬರಲಿ ಬಿಡಲಿ, ಇಟ್ಟ ಅಂಕ ಹೋಯಿತು. ಹೊಸಬರ ಬಳಿ ಅಂಕ ಇರುವುದಿಲ್ಲ; ಹೆಚ್ಚು ಸಹಾಯ ಬೇಕಾದವರೂ ಅವರೇ. ಈ ಏರ್ಪಾಡಿನ ಮೇಲೆ ನನಗಿರುವ ದೊಡ್ಡ ತಕರಾರು ಇದು.

ಮತ ಬಿದ್ದ ಉತ್ತರ ಅಂದರೆ ಸರಿಯಾದ ಉತ್ತರ ಎಂದೇನೂ ಅಲ್ಲ. ಬೈಟ್‌ಗಳ ಸಂಖ್ಯೆಯನ್ನು ಮನುಷ್ಯರು ಓದುವಂತೆ ಕಿಲೋಬೈಟ್, ಮೆಗಾಬೈಟ್‌ಗಳಲ್ಲಿ ತೋರಿಸುವ 2010ರ ಒಂದು ಜಾವಾ ತುಣುಕು, ಈ ತಾಣದಿಂದ ಅತಿ ಹೆಚ್ಚು ನಕಲಾದ ಜಾವಾ ಕೋಡ್ ಎಂದು ಮುಂದೆ ಒಂದು ಅಧ್ಯಯನ ಗುರುತಿಸಿತು. ಅದನ್ನು ಬರೆದವರೇ 2019ರಲ್ಲಿ ಕೂತು ಪರೀಕ್ಷಿಸಿದಾಗ ಅದರಲ್ಲಿ ತಪ್ಪಿತ್ತು: 9,99,999 ಬೈಟ್ ಕೊಟ್ಟರೆ 1.0 ಮೆಗಾಬೈಟ್ ಬದಲು 1000.0 ಕಿಲೋಬೈಟ್ ಎನ್ನುತ್ತಿತ್ತು. ಅಷ್ಟು ವರ್ಷ, ಅಷ್ಟು ಕಣ್ಣು, ಆದರೂ. ನಕಲು ಮಾಡುವ ಮುನ್ನ ಅಂಚಿನ ಸಂಖ್ಯೆಗಳನ್ನು ಕೊಟ್ಟು ನೋಡಿ. ಲೈಸೆನ್ಸ್ ಕೂಡ ಗಮನಿಸಿ. ಅಲ್ಲಿನ ಬರಹವೆಲ್ಲ ಕ್ರಿಯೇಟಿವ್ ಕಾಮನ್ಸ್‌ನ ಒಂದು ಷರತ್ತಿಗೆ ಒಳಪಟ್ಟಿದೆ, ಮೂಲ ಹೆಸರಿಸಬೇಕು, ಬದಲಿಸಿ ಹಂಚಿದರೆ ಅದೇ ಷರತ್ತಿನಲ್ಲಿ ಹಂಚಬೇಕು.

ಹಾಗಾಗಿ, ನಿಮ್ಮ ಕೋಡ್‌ನಲ್ಲೋ ತಿಳಿವಳಿಕೆಯಲ್ಲೋ ತಪ್ಪಿದ್ದು, ಅದನ್ನು ಇಪ್ಪತ್ತು ಸಾಲಿನಲ್ಲಿ ತೋರಿಸಬಹುದಾದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. "ಯಾವ ಫ್ರೇಮ್‌ವರ್ಕ್ ಒಳ್ಳೆಯದು" ಎನ್ನುವಂಥ ಅಭಿಪ್ರಾಯದ ಪ್ರಶ್ನೆಗೆ ಇಲ್ಲಿ ಬಹುಕಾಲ ಜಾಗವೇ ಇರಲಿಲ್ಲ. ಸರ್ವರ್ ನಿರ್ವಹಣೆಯ ತೊಂದರೆಗೆ ಸರ್ವರ್ ಫಾಲ್ಟ್, ಸ್ವಂತ ಕಂಪ್ಯೂಟರ್‌ನ ತಾಪತ್ರಯಕ್ಕೆ ಸೂಪರ್ ಯೂಸರ್ ಎಂಬ ಸೋದರ ತಾಣಗಳಿವೆ. ಕೋಡ್ ರಿವ್ಯೂ ಎಂಬ ಇನ್ನೊಂದಿದೆ, ಆದರೆ ಅಲ್ಲಿ ಸರಿಯಾಗಿ ಓಡುತ್ತಿರುವ ಕೋಡ್ ಮಾತ್ರ ತರಬೇಕು. ಮುರಿದದ್ದನ್ನು ತಂದರೆ ವಾಪಸ್.

ಗಿಟ್‌ಹಬ್ ಇಶ್ಯೂ: ತಪ್ಪು ಲೈಬ್ರರಿಯದೇ ಆದರೆ

ಲೈಬ್ರರಿಯ ಒಳಗೇ ದೋಷ ಇದ್ದರೆ ಅದನ್ನು ಬರೆದವರ ಹೊರತು ಬೇರೆಯವರು ಊಹಿಸಬಲ್ಲರು ಅಷ್ಟೇ. ಆದ್ದರಿಂದ ಆ ಪ್ರಾಜೆಕ್ಟ್‌ನ ಇಶ್ಯೂ ಪಟ್ಟಿಯೇ ಸರಿಯಾದ ಬಾಗಿಲು. ಮೊದಲು ಹುಡುಕಿ. ತೆರೆದಿರುವುದರಲ್ಲಿ ಮಾತ್ರವಲ್ಲ, ಮುಚ್ಚಿದವುಗಳಲ್ಲೂ. ನಿಮ್ಮ ದೋಷವನ್ನು ಮುಂದಿನ ಆವೃತ್ತಿಯಲ್ಲಿ ಆಗಲೇ ಸರಿಪಡಿಸಿ, ನೀವಿನ್ನೂ ಹಳೆಯದರಲ್ಲೇ ಇರುವ ಸಾಧ್ಯತೆ ಬಹಳ.

ಇಲ್ಲಿ ಅಪರಾಧ ಸಾಬೀತುಪಡಿಸುವ ಹೊಣೆ ನಿಮ್ಮದು. "ನಿಮ್ಮ ಲೈಬ್ರರಿ ಕೆಲಸ ಮಾಡುತ್ತಿಲ್ಲ" ಎಂಬ ಇಶ್ಯೂಗೆ ಯಾರೂ ಉತ್ತರಿಸುವುದಿಲ್ಲ, ಉತ್ತರಿಸಬೇಕಾಗಿಯೂ ಇಲ್ಲ. ಬಹುತೇಕ ಮೇಂಟೇನರ್‌ಗಳು, ಅಂದರೆ ಲೈಬ್ರರಿ ನೋಡಿಕೊಳ್ಳುವವರು, ಸಂಬಳವಿಲ್ಲದೆ ದುಡಿಯುವವರು. ಹಳೆಯ ಆವೃತ್ತಿಯಲ್ಲಿ ಸರಿಯಿದ್ದದ್ದು ಹೊಸದರಲ್ಲಿ ಕೆಟ್ಟಿದ್ದರೆ ನಿಮ್ಮ ಕೈಯಲ್ಲೇ ಒಂದು ಅಸ್ತ್ರ ಇದೆ: ಕೋಡ್‌ನ ಇತಿಹಾಸ ಕಾಯುವ ಗಿಟ್‌ನ ಬೈಸೆಕ್ಟ್ ಆಜ್ಞೆ. ಕಮಿಟ್ ಅಂದರೆ ಕೋಡ್‌ಗೆ ಮಾಡಿದ ಒಂದು ಬದಲಾವಣೆಯ ದಾಖಲೆ. ಸರಿಯಿದ್ದ ಒಂದು ಕಮಿಟ್, ಕೆಟ್ಟ ಒಂದು ಕಮಿಟ್ ತೋರಿಸಿದರೆ ಅದು ನಡುವಿನದನ್ನು ತೆಗೆದು ಕೊಡುತ್ತದೆ. ನೀವು ಓಡಿಸಿ ಸರಿ ಅಥವಾ ತಪ್ಪು ಎನ್ನುತ್ತೀರಿ. ಪ್ರತಿ ಸಲ ಅರ್ಧ ಕಳಚುತ್ತದೆ. ನಡುವೆ ಸಾವಿರ ಕಮಿಟ್ ಇದ್ದರೂ ಸುಮಾರು ಹತ್ತು ಸುತ್ತಿನಲ್ಲಿ ತಪ್ಪು ಹೊಕ್ಕ ಕಮಿಟ್ ಸಿಗುತ್ತದೆ. ಅದರ ಗುರುತು ಹಿಡಿದು ಇಶ್ಯೂ ಬರೆದವರಿಗೆ ಸಿಗುವ ಮರ್ಯಾದೆಯೇ ಬೇರೆ.

ತಪ್ಪು ಯಾರದೆಂದು ಖಾತ್ರಿ ಇಲ್ಲದಿದ್ದರೆ ಇಶ್ಯೂ ಬೇಡ, ಹಲವು ಪ್ರಾಜೆಕ್ಟ್‌ಗಳು ಪ್ರಶ್ನೆಗಳಿಗೆಂದೇ ಡಿಸ್ಕಶನ್ಸ್ ವಿಭಾಗ ತೆರೆದಿವೆ. ಕಾಯಲು ಸಿದ್ಧರಾಗಿರಿ. ಒಂದು ದಿನವೂ ಆಗಬಹುದು, ಒಂದು ವರ್ಷವೂ. ಕೆಲವು ಕಡೆ ಬಹುಕಾಲ ಯಾರೂ ಮಾತಾಡದ ಇಶ್ಯೂಗಳನ್ನು ಬಾಟ್ (ತಾನಾಗಿ ಓಡುವ ಪ್ರೋಗ್ರಾಂ) ಒಂದು ಬಂದು ತಾನೇ ಮುಚ್ಚಿಹೋಗುತ್ತದೆ. ಅವಸರವಿದ್ದರೆ ಇಶ್ಯೂ ಬರೆದಿಟ್ಟು, ಹಿಂದಿನ ಆವೃತ್ತಿಗೆ ಇಳಿದು ಕೆಲಸ ಮುಂದುವರಿಸುವುದೇ ವ್ಯಾವಹಾರಿಕ.

ಡಿಸ್ಕಾರ್ಡ್, ಸ್ಲ್ಯಾಕ್, ಐಆರ್‌ಸಿ: ಮಾತಾಡುತ್ತಾ ಹುಡುಕುವ ಜಾಗ

ಚಿತ್ರ ಯಾಕೆ ಕೆಟ್ಟದ್ದು ಎನ್ನುವುದಕ್ಕೆ ಹೇಳುತ್ತೇನೆ ಎಂದಿದ್ದ ಕಥೆ ಇದು. ಹೆಸರುಗಳ ಪಟ್ಟಿಯಲ್ಲಿ ಹುಡುಕುವ ಒಂದು ಪುಟ ಮಾಡಿದ್ದೆ. ಕಣ್ಣೆದುರೇ ಕಾಣುತ್ತಿದ್ದ ಕನ್ನಡ ಹೆಸರನ್ನು ಟೈಪ್ ಮಾಡಿದರೆ "ಸಿಗಲಿಲ್ಲ" ಎನ್ನುತ್ತಿತ್ತು. ಎರಡೂ ಪದಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ, ಕೂದಲೆಳೆಯ ವ್ಯತ್ಯಾಸವಿಲ್ಲ. ಚಾಟ್ ಕೋಣೆಯೊಂದರಲ್ಲಿ ಸ್ಕ್ರೀನ್‌ಶಾಟ್ ಹಾಕಿದೆ. ಡೇಟಾಬೇಸ್ ಕೊಲೇಶನ್ ನೋಡು ಎಂದರು ಒಬ್ಬರು, ಕ್ಯಾಶ್ ತೆರವು ಮಾಡು ಎಂದರು ಇನ್ನೊಬ್ಬರು. ಒಂದು ಗಂಟೆ ಹೋಯಿತು. ಕೊನೆಗೆ ಕನ್ನಡದ ಒಂದಕ್ಷರವೂ ಬಾರದ ಒಬ್ಬರು, "ಚಿತ್ರ ಬೇಡ, ಪಠ್ಯ ಅಂಟಿಸಿ, ಒಂದೊಂದು ಅಕ್ಷರದ ಕೋಡ್ ಪಾಯಿಂಟ್ ಪ್ರಿಂಟ್ ಮಾಡಿ" ಎಂದರು. ಮಾಡಿದೆ. ಕೋಡ್ ಪಾಯಿಂಟ್ ಅಂದರೆ ಕಂಪ್ಯೂಟರ್‌ನಲ್ಲಿ ಒಂದೊಂದು ಅಕ್ಷರಕ್ಕೂ ಇರುವ ಸಂಖ್ಯೆ. ಒಂದರ ಕೊನೆಯಲ್ಲಿ ಯು+200ಸಿ ಎಂಬ ಅದೃಶ್ಯ ಅಕ್ಷರ ಕೂತಿತ್ತು. ಪದದ ನಡುವೆ ಒತ್ತಕ್ಷರವಾಗದಂತೆ ತಡೆಯಲು ಬಳಸುವ ಇದನ್ನು ಯಾವುದೋ ಕೀಬೋರ್ಡ್ ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೂ ಸೇರಿಸಿತ್ತು. ಅಲ್ಲಿ ಅದು ಕಣ್ಣಿಗೆ ಕಾಣುವುದೇ ಇಲ್ಲ, ಖಾಲಿ ಜಾಗದ ಗುಂಪಿಗೆ ಸೇರದ್ದರಿಂದ ಪದದ ಆಚೀಚಿನ ಖಾಲಿ ಜಾಗ ತೆಗೆಯುವ ಟ್ರಿಮ್ ಫಂಕ್ಷನ್ ಕೂಡ ಅದನ್ನು ಕತ್ತರಿಸುವುದಿಲ್ಲ.

ಇಲ್ಲಿ ಎರಡು ಸಂಗತಿ ಇವೆ. ನನಗೆ ಏನು ಕೇಳಬೇಕೆಂದೇ ಗೊತ್ತಿರಲಿಲ್ಲ. ಮಾತುಕತೆಯಿಂದಷ್ಟೇ ಆ ಬಗ್ ಹೊರಬರುತ್ತಿತ್ತು. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಆ ಪ್ರಶ್ನೆ ಖಂಡಿತ ಮುಚ್ಚಿಹೋಗುತ್ತಿತ್ತು, ಅವರ ತಪ್ಪೂ ಅಲ್ಲ. ಆದರೆ ವರ್ಷದ ನಂತರ ಬೇರೆ ಪ್ರಾಜೆಕ್ಟ್‌ನಲ್ಲಿ ಅದೇ ಲಕ್ಷಣ ಕಂಡಾಗ, ಹಿಂದೆ ಹೇಗೆ ಬಿಡಿಸಿದ್ದೆ ಎಂದು ನೆನಪಾಗದೆ ಚಾಟ್‌ನಲ್ಲಿ ಹುಡುಕಿದೆ, ಹುಡುಕಿದೆ, ಸಿಗಲಿಲ್ಲ. ಮತ್ತೆ ಅರ್ಧ ದಿನ ಸುಟ್ಟೆ.

ಚಾಟ್‌ನ ಗುಣ, ದೋಷ ಎರಡೂ ಅದೇ. ಜೀವಂತ ಮನುಷ್ಯರು, ತಕ್ಷಣದ ಮಾತು. ಆದರೆ ನೀರಿನ ಮೇಲಿನ ಬರಹ. ಪುಕ್ಕಟೆ ಸ್ಲ್ಯಾಕ್‌ನಲ್ಲಿ 90 ದಿನಕ್ಕಿಂತ ಹಳೆಯ ಮಾತುಗಳು ಕಾಣುವುದಿಲ್ಲ. ಡಿಸ್ಕಾರ್ಡ್‌ನೊಳಗಿನದು ಸಾಮಾನ್ಯವಾಗಿ ಹೊರಗಿನ ಹುಡುಕಾಟಕ್ಕೆ ಸಿಗುವುದಿಲ್ಲ. 1988ರಿಂದ ಬದುಕಿರುವ ಹಳೆಯ ಚಾಟ್ ವ್ಯವಸ್ಥೆ ಐಆರ್‌ಸಿಯಲ್ಲಂತೂ ಇಡೀ ಊರೇ ವಲಸೆ ಹೋದದ್ದುಂಟು: 2021ರ ಮೇ ತಿಂಗಳಲ್ಲಿ ಫ್ರೀನೋಡ್ ಎಂಬ ಐಆರ್‌ಸಿ ಜಾಲದ ಆಡಳಿತದ ಜಗಳದಿಂದ ಬೇಸತ್ತ ಸಿಬ್ಬಂದಿ ಲಿಬೆರಾ ಚಾಟ್ ಕಟ್ಟಿಕೊಂಡರು, ಎಷ್ಟೋ ಪ್ರಾಜೆಕ್ಟ್‌ಗಳು ಅವರ ಹಿಂದೆ ನಡೆದವು.

ಚಾಟ್‌ಗೆ ಹೋದರೆ "ಯಾರಾದರೂ ಪೈಥಾನ್ ಗೊತ್ತಿರುವವರು ಇದ್ದೀರಾ?" ಎಂದು ಕೇಳಿ ಸುಮ್ಮನೆ ಕೂರಬೇಡಿ. ಹೂಂ ಎಂದವರು ಏನೆಂದು ತಿಳಿಯದ ಕೆಲಸಕ್ಕೆ ಮಾತು ಕೊಟ್ಟಂತಾಗುತ್ತದೆ, ಹಾಗಾಗಿ ಯಾರೂ ಹೂಂ ಎನ್ನುವುದಿಲ್ಲ. ನೇರ ಪ್ರಶ್ನೆಯನ್ನೇ ಹಾಕಿ. ಒಂದೇ ವಿಷಯದ ಮಾತನ್ನು ಬೇರೆಯಾಗಿ ಇಡುವ ಥ್ರೆಡ್ ಸೌಲಭ್ಯ ಇದ್ದರೆ ಅದರಲ್ಲೇ. ಸಹಾಯ ಮಾಡಿದವರಿಗೆ ಖಾಸಗಿ ಸಂದೇಶ ಕಳಿಸಿ ಬೆನ್ನುಹತ್ತಬೇಡಿ, ಬಹಳ ಕಡೆ ಅದು ನಿಯಮಕ್ಕೇ ವಿರುದ್ಧ.

ರೆಡಿಟ್, ಮೇಲಿಂಗ್ ಲಿಸ್ಟ್

ರೆಡಿಟ್ ನನ್ನ ಮಟ್ಟಿಗೆ ಬಗ್ ಬಿಡಿಸುವ ಜಾಗ ಅಲ್ಲ, ದಿಕ್ಕು ಕೇಳುವ ಜಾಗ. "ಈ ಲಕ್ಷಣ ನೋಡಿದರೆ ನೀವು ಮೊದಲು ಎಲ್ಲಿ ಹುಡುಕುತ್ತೀರಿ?", "ಈ ಲೈಬ್ರರಿಯ ಜೊತೆ ಇನ್ನೂ ಯಾರಾದರೂ ಒದ್ದಾಡುತ್ತಿದ್ದೀರಾ?" ಎಂಬಂಥ ಸಡಿಲ ಪ್ರಶ್ನೆಗಳು ಅಲ್ಲಿ ಸಲ್ಲುತ್ತವೆ. ಕಲಿಯುವವರ ಉಪಗುಂಪುಗಳಲ್ಲಿ ಸಹನೆ ಹೆಚ್ಚು. ಬಾಳಿಕೆಯ ಮಾತು ಬಂದರೆ, 2023ರ ಜೂನ್‌ನಲ್ಲಿ ಎಪಿಐ (ಬೇರೆ ಪ್ರೋಗ್ರಾಂಗಳು ತಾಣದ ಮಾಹಿತಿ ಪಡೆಯುವ ದಾರಿ) ದರದ ವಿರುದ್ಧ ಸಾವಿರಾರು ಉಪಗುಂಪುಗಳು ಬಾಗಿಲು ಹಾಕಿಕೊಂಡಾಗ, ಹುಡುಕಾಟದಲ್ಲಿ ಸಿಗುತ್ತಿದ್ದ ಉತ್ತರಗಳೆಲ್ಲ ಬೀಗದ ಹಿಂದೆ ಸೇರಿದ್ದವು.

ಒಬ್ಬರು ಬರೆದ ಇಮೇಲ್ ಸದಸ್ಯರೆಲ್ಲರಿಗೂ ಹೋಗುವ ಮೇಲಿಂಗ್ ಲಿಸ್ಟ್ ಹಳೆಯ ಕಾಲದ್ದು ಎಂದು ಮೂಗು ಮುರಿಯಬೇಡಿ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಕೆಲಸ ಇವತ್ತೂ ಅಲ್ಲೇ ನಡೆಯುವುದು. ಆಳದ ಬಗ್‌ಗಳಿಗೆ ಬೇಕಾದ ತಲೆಗಳು ಅಲ್ಲಿವೆ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಕಂಪ್ಯೂಟರ್‌ಗೆ ಒಳಹೋಗಲು ಬಳಸುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ನಿಧಾನವಾಗಿದೆ ಎಂಬ ಸಣ್ಣ ಅನುಮಾನದ ಬಾಲ ಹಿಡಿದು ಹೋಗಿ, ಎಕ್ಸ್‌ಜೆಡ್ ಎಂಬ ಕಂಪ್ರೆಶನ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಇಟ್ಟ ಹಿಂಬಾಗಿಲನ್ನು ಪತ್ತೆಹಚ್ಚಿದರು. ಮೊದಲು ಖಾಸಗಿಯಾಗಿ ಭದ್ರತಾ ತಂಡಗಳಿಗೆ ತಿಳಿಸಿದರು, ಆಮೇಲೆ ಸಾರ್ವಜನಿಕ ಭದ್ರತಾ ಲಿಸ್ಟ್‌ನಲ್ಲಿ ಬರೆದರು. ಈ ಕ್ರಮ ನಮಗೂ ಪಾಠ. ನಿಮ್ಮ ಬಗ್ ಭದ್ರತೆಗೆ ಸಂಬಂಧಿಸಿದ್ದೆಂದು ಅನಿಸಿದರೆ ಮೇಲೆ ಹೇಳಿದ ಯಾವ ಸಾರ್ವಜನಿಕ ಜಾಗದಲ್ಲೂ ಹಾಕಬೇಡಿ. ಪ್ರಾಜೆಕ್ಟ್ ಕೊಟ್ಟಿರುವ ಖಾಸಗಿ ವಿಳಾಸಕ್ಕೆ ಬರೆಯಿರಿ.

ಯಂತ್ರವನ್ನು ಕೇಳಿದರೆ ಸಾಲದೇ?

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಸ್ಟ್ಯಾಕ್ ಓವರ್‌ಫ್ಲೋಗೆ ಬರುವ ಹೊಸ ಪ್ರಶ್ನೆಗಳು ಬಹಳ ಇಳಿದಿವೆ. ನಾನೂ ಮೊದಲು ಯಂತ್ರವನ್ನೇ ಕೇಳುತ್ತೇನೆ, ಮುಚ್ಚುಮರೆ ಏನಿಲ್ಲ. ಎರರ್ ಸಂದೇಶದ ಅರ್ಥ ಹೇಳಲು, ಮರೆತ ಸಿಂಟ್ಯಾಕ್ಸ್ ನೆನಪಿಸಲು, ಪ್ರಶ್ನೆಯನ್ನು ಒಪ್ಪವಾದ ಇಂಗ್ಲಿಷಿನಲ್ಲಿ ಬರೆದುಕೊಡಲು ಅದು ಬೈಯುವುದಿಲ್ಲ, ಮಲಗುವುದಿಲ್ಲ. ಸಾವಿರ ಜನ ಈಗಾಗಲೇ ಎಡವಿದ ಕಲ್ಲಾದರೆ ಅದಕ್ಕೆ ಗೊತ್ತಿರುತ್ತದೆ.

ಯಾರೂ ಎಡವಿರದ ಕಲ್ಲಾದರೆ ಅದು "ಗೊತ್ತಿಲ್ಲ" ಎನ್ನುವುದು ಅಪರೂಪ. ಇಲ್ಲದ ಫಂಕ್ಷನ್ ಹೆಸರನ್ನು, ಇಲ್ಲದ ಪ್ಯಾಕೇಜನ್ನು (ಇಳಿಸಿಕೊಂಡು ಬಳಸುವ ಸಿದ್ಧ ಕೋಡ್‌ನ ಕಟ್ಟು) ಅಷ್ಟೇ ಗಟ್ಟಿ ದನಿಯಲ್ಲಿ ಹೇಳುತ್ತದೆ. ಇಂಥ ಇಲ್ಲದ ಹೆಸರುಗಳಲ್ಲಿ ಕಿಡಿಗೇಡಿಗಳು ನಿಜವಾದ ಪ್ಯಾಕೇಜ್ ಸೃಷ್ಟಿಸಿ ಇಡುವ ಅಪಾಯವೂ ಇದೆ, ಹಾಗಾಗಿ ಅದು ಹೇಳಿದ ಪ್ಯಾಕೇಜನ್ನು ಕಣ್ಣುಮುಚ್ಚಿ ಇನ್‌ಸ್ಟಾಲ್ ಮಾಡಬಾರದು. ನೋಡಲು ಸರಿ, ಒಳಗೆ ತಪ್ಪು ಎಂಬ ಉತ್ತರಗಳು ಪ್ರವಾಹದಂತೆ ಬಂದಾಗ 2022ರ ಡಿಸೆಂಬರ್‌ನಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಅವನ್ನು ನಿಷೇಧಿಸಿತು. ಯಂತ್ರದ ಉತ್ತರ ತಂದು ಬೇರೆಯವರ ಪ್ರಶ್ನೆಗೆ ಅಂಟಿಸಬೇಡಿ. ನಿಮ್ಮ ಬಗ್‌ಗೆ ಬಳಸಿ, ಓಡಿಸಿ ನೋಡಿ, ಮೂರು ಸಲ ಸುತ್ತಿಸಿ ಅಲ್ಲಿಗೇ ತಂದು ನಿಲ್ಲಿಸಿದರೆ ಮನುಷ್ಯರ ಕಡೆಗೆ ತಿರುಗಿ.

ದುಡ್ಡು ಕೊಟ್ಟು ಕೇಳುವುದು

ಗಂಟೆ ಲೆಕ್ಕದಲ್ಲಿ ಪರಿಣತರು ಸಿಗುವ ತಾಣಗಳಿವೆ. ದೊಡ್ಡ ಸಾಫ್ಟ್‌ವೇರ್‌ಗಳಿಗೆ ಕಂಪನಿಗಳೇ ಸಪೋರ್ಟ್ ಒಪ್ಪಂದ ಮಾರುತ್ತವೆ. ಗಿರಾಕಿಗಳ ಕೆಲಸ ನಿಂತಿದೆ, ಕೋಡ್ ಹೊರಗೆ ತೋರಿಸುವಂತಿಲ್ಲ, ಗೋಪ್ಯತೆಯ ಒಪ್ಪಂದ ಬೇಕು ಎಂದಾದರೆ ಪುಕ್ಕಟೆ ಸಹಾಯಕ್ಕೆ ಅಲೆಯುವುದೇ ದುಬಾರಿ. ಲೆಕ್ಕ ಸರಳ: ನಿಮ್ಮ ತಂಡ ಇದರ ಮೇಲೆ ಸುಟ್ಟ ಗಂಟೆಗಳ ಬೆಲೆ ಆ ಪರಿಣತರ ಶುಲ್ಕವನ್ನು ದಾಟಿದೆಯೇ ನೋಡಿ. ಕಲಿಯುವವರಿಗೆ ಇದು ಬೇಡ. ಬಗ್ ಬಿಡಿಸುವುದೇ ಕಲಿಕೆ.

ಏನು ತೋರಿಸಬಾರದು

ಅಂಟಿಸುವ ಮುನ್ನ ಲಾಗ್ ಅನ್ನು, ಅಂದರೆ ಪ್ರೋಗ್ರಾಂ ಬರೆದಿಡುವ ದಾಖಲೆಯನ್ನು, ಒಮ್ಮೆ ಕಣ್ಣಾಡಿಸಿ. ಪಾಸ್‌ವರ್ಡ್, ಎಪಿಐ ಕೀ, ಟೋಕನ್, ಗಿರಾಕಿಗಳ ಇಮೇಲ್ ಎಲ್ಲ ಲಾಗ್‌ನಲ್ಲೇ ಇರುತ್ತವೆ. ಬ್ರೌಸರ್ ಮತ್ತು ತಾಣದ ನಡುವಿನ ವ್ಯವಹಾರ ದಾಖಲಾಗಿರುವ ಎಚ್‌ಎಆರ್ ಫೈಲಿನಲ್ಲಿ ನಿಮ್ಮ ಸೆಷನ್ ಕುಕೀಗಳೇ, ಅಂದರೆ ನೀವು ಲಾಗಿನ್ ಆಗಿದ್ದೀರೆಂಬ ಗುರುತುಗಳೇ, ಇರಬಹುದು. 2023ರಲ್ಲಿ ಲಾಗಿನ್ ಸೇವೆ ಕೊಡುವ ಓಕ್ಟಾ ಕಂಪನಿಯ ಸಪೋರ್ಟ್ ವ್ಯವಸ್ಥೆಗೆ ನುಗ್ಗಿದವರು ಗ್ರಾಹಕರು ಅಲ್ಲಿ ಹಾಕಿದ್ದ ಇಂಥ ಫೈಲುಗಳಿಂದಲೇ ಸೆಷನ್ ಟೋಕನ್ ಕದ್ದರು. ಜೆಡಬ್ಲ್ಯೂಟಿ ಎಂಬ ಬಗೆಯ ಲಾಗಿನ್ ಟೋಕನ್ ಗೋಜಲಾಗಿ ಕಾಣುತ್ತದೆಂದು ಸುರಕ್ಷಿತ ಅಂದುಕೊಳ್ಳಬೇಡಿ, ಸಾಮಾನ್ಯವಾಗಿ ಅದು ಬೇಸ್64 ಎಂಬ ಬರೆಯುವ ರೀತಿ ಅಷ್ಟೇ, ಗುಪ್ತಲಿಪಿಯಲ್ಲ, ಯಾರು ಬೇಕಾದರೂ ಬಿಚ್ಚಿ ಓದಬಹುದು.

ತೆಗೆದ ಜಾಗಕ್ಕೆ ಏನು ಹಾಕುವುದು? ಉದಾಹರಣೆಗೆಂದೇ ಮೀಸಲಿಟ್ಟ ಹೆಸರುಗಳಿವೆ: ಡೊಮೇನ್ ಬೇಕಾದರೆ ಎಕ್ಸಾಂಪಲ್ ಡಾಟ್ ಕಾಮ್, ಐಪಿ ವಿಳಾಸಕ್ಕೆ 192.0.2 ಎಂದು ಶುರುವಾಗುವವು. ಅವು ಯಾವ ಗಿರಾಕಿಯ ಸರ್ವರ್‌ಗೂ ಹೋಗಿ ಮುಟ್ಟುವುದಿಲ್ಲ. ಕೀ ಒಂದು ಸಲ ಸಾರ್ವಜನಿಕವಾಗಿ ಬಿದ್ದಿತೋ, ಅಳಿಸಿದರೆ ಸಾಲದು. ಅದನ್ನು ರದ್ದುಮಾಡಿ ಹೊಸದು ಪಡೆಯಿರಿ, ಸಾರ್ವಜನಿಕ ರೆಪೊಗಳಲ್ಲಿ (ಕೋಡ್ ಸಂಗ್ರಹಗಳಲ್ಲಿ) ಕೀಗಳನ್ನೇ ಹುಡುಕುತ್ತಾ ಸುತ್ತುವ ಬಾಟ್‌ಗಳಿವೆ.

ಹಾಗಾದರೆ ನಿಮಗೆ ಯಾವುದು?

ಕಲಿಯುವವರಾಗಿ, ಏನು ಕೇಳಬೇಕೆಂದೇ ತಿಳಿಯದ ಸ್ಥಿತಿಯಲ್ಲಿದ್ದರೆ ಮೊದಲು ಯಂತ್ರ, ಆಮೇಲೆ ನಿಮ್ಮ ಭಾಷೆಯ ಡಿಸ್ಕಾರ್ಡ್‌ನ ಸಹಾಯ ವಿಭಾಗ. ಅಲ್ಲಿ ಪ್ರಶ್ನೆ ಖಚಿತವಾದ ಮೇಲೆ ಸ್ಟ್ಯಾಕ್ ಓವರ್‌ಫ್ಲೋ. ಒಬ್ಬಂಟಿಯಾಗಿ ಗಿರಾಕಿಗಳ ಕೆಲಸ ಮಾಡುವವರಿಗೆ ಕಾಲವೇ ಹಣ. ಚಿಕ್ಕ ಕೋಡ್ ತಯಾರಿಸಿ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಹಾಕಿ, ಒಂದು ದಿನ ಕಾದು, ಬರದಿದ್ದರೆ ದುಡ್ಡು ಕೊಡಿ. ಕಂಪನಿಯ ಕೋಡ್ ಆದರೆ ಮೊದಲ ಬಾಗಿಲು ಪಕ್ಕದ ಮೇಜು. ಅದರಾಚೆ ಹೋಗಬೇಕೆಂದರೆ ಕಂಪನಿಯ ಒಂದು ಸಾಲೂ ಇಲ್ಲದಂತೆ ಹೊಸದಾಗಿ ಬರೆದ ನಮೂನೆ ಕೋಡ್ ಮಾತ್ರ ಒಯ್ಯಿರಿ. ಇದು ಯಂತ್ರಕ್ಕೆ ಅಂಟಿಸುವಾಗಲೂ ಅನ್ವಯ. ಲೈಬ್ರರಿಯದೇ ತಪ್ಪೆಂದು ತೋರಿಸಬಲ್ಲವರು ನೇರ ಇಶ್ಯೂ ಬರೆಯಲಿ. ಪರಿಸರದ ತಪ್ಪುಗಳು, ಅಂದರೆ "ನನ್ನ ಯಂತ್ರದಲ್ಲಿ ಓಡುತ್ತೆ, ಸರ್ವರ್‌ನಲ್ಲಿ ಓಡಲ್ಲ" ಎನ್ನುವಂಥವು, ಬಹುತೇಕ ಚಾಟ್‌ನಲ್ಲೇ ಬಗೆಹರಿಯುತ್ತವೆ, ಏಕೆಂದರೆ ಹತ್ತು ಸಲ ಹಿಂದುಮುಂದು ಕೇಳಬೇಕಾಗುತ್ತದೆ.

ಒಂದೇ ಪ್ರಶ್ನೆಯನ್ನು ಐದು ಕಡೆ ಒಟ್ಟಿಗೆ ಎಸೆಯಬೇಡಿ. ಒಂದು ಕಡೆ ಉತ್ತರ ಸಿಕ್ಕ ಮೇಲೂ ಉಳಿದ ನಾಲ್ಕು ಕಡೆ ಯಾರೋ ತಲೆಕೆಡಿಸಿಕೊಳ್ಳುತ್ತಾ ಕೂತಿರುತ್ತಾರೆ, ಗೊತ್ತಾದರೆ ಮುಂದಿನ ಸಲ ನಿಮ್ಮತ್ತ ತಿರುಗಿಯೂ ನೋಡುವುದಿಲ್ಲ. ಒಂದು ಕಡೆ ಕೇಳಿ, ಅಲ್ಲಿಗೆ ತಕ್ಕಷ್ಟು ಕಾಯಿರಿ, ಇನ್ನೊಂದು ಕಡೆಗೆ ಹೋಗುವಾಗ ಮೊದಲಿನದರ ಕೊಂಡಿ ಕೊಡಿ. ಚಾಟ್‌ನಲ್ಲಿ ಒಂದೆರಡು ಗಂಟೆ, ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಎರಡು ದಿನ, ಇಶ್ಯೂಗೆ ಒಂದೆರಡು ವಾರ, ಇದು ನಾನು ಹಾಕಿಕೊಂಡಿರುವ ಗಡುವು.

ಉತ್ತರವೇ ಬರದಿದ್ದರೆ ಆ ಮೌನವನ್ನೂ ಓದಬಹುದು. ನೂರಾರು ಜನ ನೋಡಿಯೂ ಸುಮ್ಮನಿದ್ದರೆ ಅವರ ಕೈಯಲ್ಲಿ ತಪ್ಪು ಮತ್ತೆ ಹುಟ್ಟುತ್ತಿಲ್ಲ, ನಿಮ್ಮ ನಮೂನೆ ಕೋಡ್ ಅಪೂರ್ಣ. ನೋಡಿದವರೇ ಇಲ್ಲದಿದ್ದರೆ ಟ್ಯಾಗ್ ಅಥವಾ ತಲೆಬರಹ ತಪ್ಪಾಗಿದೆ. "ಸಹಾಯ ಮಾಡಿ, ಅರ್ಜೆಂಟ್" ಎಂಬ ತಲೆಬರಹ ಕಿತ್ತುಹಾಕಿ, ಎರರ್ ಹೆಸರನ್ನೂ ಲೈಬ್ರರಿಯ ಆವೃತ್ತಿಯನ್ನೂ ಅದರಲ್ಲಿ ಸೇರಿಸಿ. ಚಾಟ್‌ನಲ್ಲಿ ಉತ್ತರ ಸಿಕ್ಕಿದರೆ ಅವತ್ತೇ ಅದನ್ನು ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಪ್ರಶ್ನೆಯಾಗಿ ಹಾಕಿ, ಕೆಳಗೆ ನೀವೇ ಉತ್ತರ ಬರೆಯಿರಿ. ಸ್ವಂತ ಪ್ರಶ್ನೆಗೆ ಉತ್ತರಿಸಲು ಅಲ್ಲಿ ಅವಕಾಶ ಇದೆ. ಆ ಯು+200ಸಿ ಎರಡನೇ ಸಲ ಸಿಕ್ಕಿದ ದಿನ ನಾನು ಮಾಡಿದ ಮೊದಲ ಕೆಲಸ ಅದು.